ಆ್ಯಪ್ ಮಾಡಿದರೆ ಎಷ್ಟು ಜನ ಬಳಸಬಹುದು? ಮಾರುಕಟ್ಟೆ ಅಂದಾಜು ಮಾಡುವ ಬಗೆ

ಮೊದಲೆಲ್ಲ ಒಂದು ಆ್ಯಪ್ ಮಾಡಬೇಕು ಅಂದರೆ ಪ್ರೋಗ್ರಾಮಿಂಗ್ ಕಲಿತಿರಬೇಕಿತ್ತು. ಇಲ್ಲವೇ ಕಲಿತವರಿಗೆ ದುಡ್ಡು ಕೊಟ್ಟು ಮಾಡಿಸಬೇಕಿತ್ತು. ಈಗ ಎಐ ಸಾಧನದ ಮುಂದೆ ಕೂತು, ಏನು ಬೇಕು ಅಂತ ಬಾಯಿಮಾತಿನಲ್ಲಿ ವಿವರಿಸಿದರೂ ಒಂದು ಮಟ್ಟದ ಆ್ಯಪ್ ತಯಾರಾಗುತ್ತದೆ. ಮಾಡುವ ಕೆಲಸ ಸುಲಭವಾದಷ್ಟೂ ಇನ್ನೊಂದು ಪ್ರಶ್ನೆ ಮುಂದೆ ಬಂದು ನಿಲ್ಲುತ್ತಿದೆ. ಇದನ್ನು ಎಷ್ಟು ಜನ ಬಳಸುತ್ತಾರೆ? ಹಾಕಿದ ಸಮಯಕ್ಕೆ ತಕ್ಕಷ್ಟು ಏನಾದರೂ ಕೈಗೆ ಬರುತ್ತದಾ?

ತುಂಬಾ ಜನ ಇದಕ್ಕೆ ಉತ್ತರ ಹುಡುಕುವುದು ಹೀಗೆ: ಜಗತ್ತಿನಲ್ಲಿ ನೂರಾರು ಕೋಟಿ ಸ್ಮಾರ್ಟ್‌ಫೋನ್ ಇವೆ, ಅದರಲ್ಲಿ 1% ಜನ ಡೌನ್‌ಲೋಡ್ ಮಾಡಿಕೊಂಡರೂ ಸಾಕು, ಅಲ್ವಾ? ಕೇಳೋಕೆ ಇದು ಸಣ್ಣ ಆಸೆಯ ಹಾಗೆ ಕಾಣುತ್ತದೆ. ಆದರೆ 400 ಕೋಟಿ ಫೋನ್ ಅಂದುಕೊಂಡರೂ 1% ಅಂದರೆ 4 ಕೋಟಿ ಜನ. ಅಷ್ಟು ಜನರನ್ನು ತಲುಪಿದ ಆ್ಯಪ್‌ಗಳು ತೀರಾ ಕಡಿಮೆ. ಆ 1% ಎಲ್ಲಿಂದ ಬಂತು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಸುಮ್ನೆ ಚಿಕ್ಕದಾಗಿ ಕಾಣುವ ಒಂದು ಅಂಕಿ ಅದು, ಅಷ್ಟೇ.

ಸರಿಯಾದ ಅಂದಾಜು ಬೇರೆ ಥರ ಹುಟ್ಟುತ್ತದೆ. ಅದಕ್ಕೆ ದೊಡ್ಡ ಗಣಿತ ಬೇಡ, ಗುಣಾಕಾರ ಬಂದರೆ ಸಾಕು.

ಮೊದಲು ಮೂರು ಪದ

ಬಂಡವಾಳ ಹಾಕುವವರು, ಕಂಪನಿ ಕಟ್ಟುವವರು ಮಾರುಕಟ್ಟೆಯನ್ನು ಮೂರು ಮಟ್ಟದಲ್ಲಿ ನೋಡುತ್ತಾರೆ. ಟ್ಯಾಮ್, ಸ್ಯಾಮ್, ಸಾಮ್ ಅಂತ ಅವಕ್ಕೆ ಹೆಸರು.

ಟ್ಯಾಮ್ ಅಂದರೆ ಒಟ್ಟು ಮಾರುಕಟ್ಟೆ. ನೀವು ಬಗೆಹರಿಸಲು ಹೊರಟ ತೊಂದರೆ ಯಾರ್‍ಯಾರಿಗೆ ಇದೆಯೋ ಅವರೆಲ್ಲ ಇದರಲ್ಲಿ ಬರುತ್ತಾರೆ. ಸ್ಯಾಮ್ ಅಂದರೆ ಅವರಲ್ಲಿ ನಿಮ್ಮ ಆ್ಯಪ್ ಬಳಸಲು ಸಾಧ್ಯ ಇರುವವರು. ಅವರ ಭಾಷೆ ಆ್ಯಪ್‌ನಲ್ಲಿರಬೇಕು, ಅವರ ಫೋನ್‌ನಲ್ಲಿ ಅದು ಓಡಬೇಕು, ಅವರ ದೇಶದಲ್ಲಿ ಸಿಗಬೇಕು. ಸಾಮ್ ಅಂದರೆ ಮುಂದಿನ ಎರಡು ಮೂರು ವರ್ಷದಲ್ಲಿ ನಿಮ್ಮ ಕೈಲಿರುವ ಸಮಯ, ದುಡ್ಡು ಇಷ್ಟರಿಂದಲೇ ನೀವು ನಿಜವಾಗಿ ತಲುಪಬಲ್ಲ ಜನ.

ಒಂದರ ಕೆಳಗೊಂದು ಜರಡಿ ಇಟ್ಟ ಹಾಗೆ ಇದು. ಮೇಲಿನಿಂದ ಎಷ್ಟೇ ಸುರಿದರೂ ಕೊನೆಯ ಜರಡಿ ದಾಟಿ ಕೆಳಗೆ ಬಿದ್ದದ್ದಷ್ಟೇ ನಿಮ್ಮ ಪಾಲು. ತಪ್ಪು ಆಗುವುದು ಎಲ್ಲಿ ಅಂದರೆ, ಮೇಲಿನ ಜರಡಿಯ ಅಂಕಿ ಸುಲಭವಾಗಿ ಸಿಗುತ್ತದೆ. ವರದಿಗಳಲ್ಲಿ, ಸುದ್ದಿಗಳಲ್ಲಿ ಇರುವುದು ಅದೇ. ಕೆಳಗಿನದನ್ನು ನಾವೇ ಹುಡುಕಬೇಕು.

ಗೊತ್ತಿಲ್ಲದ್ದನ್ನು ಅಂದಾಜು ಮಾಡುವುದು ಹೇಗೆ?

1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ನಡೆಯಿತು. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಸುಮಾರು 16 ಕಿಲೋಮೀಟರ್ ದೂರದಲ್ಲಿದ್ದರು. ಸ್ಫೋಟದ ಗಾಳಿಯ ಅಲೆ ಬಂದಾಗ ಅವರು ಕೈಯಲ್ಲಿದ್ದ ಕಾಗದದ ಚೂರುಗಳನ್ನು ಕೆಳಗೆ ಬಿಟ್ಟು, ಅವು ಎಷ್ಟು ದೂರ ಹಾರಿದವು ಅಂತ ನೋಡಿದರು. ಸುಮಾರು ಎರಡೂವರೆ ಮೀಟರ್. ಅಷ್ಟರಿಂದಲೇ ಸ್ಫೋಟದ ಬಲ 10,000 ಟನ್ ಟಿಎನ್‌ಟಿ ಅನ್ನುವ ಸಿಡಿಮದ್ದಿಗೆ ಸಮ ಇರಬಹುದು ಅಂದರು. ಆಮೇಲೆ ಸರಿಯಾಗಿ ಅಳೆದಾಗ ಅದು 20,000 ಟನ್ ದಾಟಿತ್ತು.

ಎರಡು ಪಟ್ಟು ತಪ್ಪಾಯಿತು, ನಿಜ. ಆದರೆ ಅದು ಸಾವಿರ ಟನ್ನೂ ಅಲ್ಲ, ಲಕ್ಷ ಟನ್ನೂ ಅಲ್ಲ ಅನ್ನುವುದು ಕಾಗದದ ಚೂರಿನಿಂದಲೇ ತಿಳಿಯಿತಲ್ಲ. ಆ್ಯಪ್ ಮಾರುಕಟ್ಟೆಯ ಅಂದಾಜಿನಿಂದಲೂ ನಮಗೆ ಬೇಕಾದದ್ದು ಇಷ್ಟೇ. ಬಳಸುವವರು 400 ಜನವೋ 450 ಜನವೋ ಅನ್ನುವುದು ಮುಖ್ಯ ಅಲ್ಲ. ನೂರಾರು ಜನವೋ, ಹತ್ತಾರು ಸಾವಿರವೋ, ಹತ್ತಾರು ಲಕ್ಷವೋ ಅಂತ ಗೊತ್ತಾದರೆ ಮುಂದಿನ ದಾರಿ ಕಾಣುತ್ತದೆ.

ಈ ವಿಧಾನಕ್ಕೆ ಫರ್ಮಿ ಅಂದಾಜು ಅಂತಲೇ ಹೆಸರು ಬಂದಿದೆ. ಒಂದು ದೊಡ್ಡ ಪ್ರಶ್ನೆಯನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಾಗಿ ಒಡೆಯಬೇಕು, ಒಂದೊಂದಕ್ಕೂ ಒಂದು ಅಂಕಿ ಕೊಡಬೇಕು, ಎಲ್ಲವನ್ನೂ ಗುಣಿಸಬೇಕು.

ಒಂದು ಉದಾಹರಣೆ: ಜೇನು ಸಾಕುವವರ ಆ್ಯಪ್

ಜೇನು ಸಾಕುವವರು ಆಗಾಗ ಪೆಟ್ಟಿಗೆ ತೆರೆದು ನೋಡುತ್ತಾರೆ. ರಾಣಿ ಇದೆಯಾ, ಮೊಟ್ಟೆ ಇಟ್ಟಿದೆಯಾ, ಜೇನು ಎಷ್ಟು ತುಂಬಿದೆ, ರೋಗ ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಇದನ್ನೆಲ್ಲ ಪೆಟ್ಟಿಗೆವಾರು ಬರೆದಿಡುವ ಒಂದು ಆ್ಯಪ್ ಮಾಡಬೇಕು ಅಂದುಕೊಳ್ಳೋಣ. ಬೆಲೆ ವರ್ಷಕ್ಕೆ 20 ಡಾಲರ್.

ಜಗತ್ತಿನಲ್ಲಿ ಜೇನುಪೆಟ್ಟಿಗೆಗಳು 10 ಕೋಟಿಯ ಆಸುಪಾಸಿನಲ್ಲಿವೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ ಹೇಳುತ್ತದೆ. ಇಲ್ಲೇ ಒಂದು ನಿಮಿಷ ನಿಲ್ಲಬೇಕು. ಅದು ಪೆಟ್ಟಿಗೆಗಳ ಲೆಕ್ಕ, ಜನರದ್ದಲ್ಲ. ಆ್ಯಪ್ ಹಾಕಿಕೊಳ್ಳುವುದು ಪೆಟ್ಟಿಗೆ ಅಲ್ಲ, ಮನುಷ್ಯರು. ಹವ್ಯಾಸಕ್ಕೆ ಸಾಕುವವರ ಹತ್ತಿರ ಎರಡೋ ಮೂರೋ ಪೆಟ್ಟಿಗೆ ಇರುತ್ತವೆ, ಅದನ್ನೇ ಉದ್ಯೋಗ ಮಾಡಿಕೊಂಡವರ ಹತ್ತಿರ ಸಾವಿರಾರು. ಸರಾಸರಿ ಒಬ್ಬರಿಗೆ 10 ಅಂತ ಇಟ್ಟುಕೊಂಡರೆ 1 ಕೋಟಿ ಜನ ಆದರು.

ಮುಂದಿನ ಅಂಕಿಗಳೆಲ್ಲ ನಾನು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಆ್ಯಪ್‌ಗೆ ನೀವೇ ಬೇರೆ ಅಂಕಿ ಹಾಕಿಕೊಳ್ಳಬೇಕು.

ಆ 1 ಕೋಟಿಯಲ್ಲಿ ಸ್ಮಾರ್ಟ್‌ಫೋನ್, ಇಂಟರ್‌ನೆಟ್ ಇರುವವರು 60% ಅಂದರೆ 60 ಲಕ್ಷ ಉಳಿಯಿತು. ಆ್ಯಪ್ ಮೊದಲಿಗೆ ಒಂದೆರಡು ಭಾಷೆಯಲ್ಲಷ್ಟೇ ಇರುತ್ತದೆ. ಆ ಭಾಷೆ ಬಲ್ಲವರು ಕಾಲುಭಾಗ ಅಂದರೆ 15 ಲಕ್ಷ. ಇವರಲ್ಲಿ ಲೆಕ್ಕ ಬರೆದಿಡುವ ಅಭ್ಯಾಸ ಇರುವವರು 20%, ಅಂದರೆ 3 ಲಕ್ಷ. ಪುಸ್ತಕ ಬಿಟ್ಟು ಫೋನ್‌ನಲ್ಲಿ ಬರೆಯಲು ಒಪ್ಪುವವರು 30%, ಅಂದರೆ 90,000. ಮೂರು ವರ್ಷದಲ್ಲಿ ನಿಮ್ಮ ಆ್ಯಪ್‌ನ ಹೆಸರು ಕಿವಿಗೆ ಬಿದ್ದು ಹಾಕಿಕೊಳ್ಳುವವರು ಇವರಲ್ಲಿ 10%, ಅಂದರೆ 9,000. ಅವರಲ್ಲಿ ದುಡ್ಡು ಕೊಡುವವರು 5%. ಕೊನೆಗೆ ಉಳಿದದ್ದು 450 ಜನ.

10 ಕೋಟಿಯಿಂದ 450ಕ್ಕೆ ಇಳಿಯಿತು. ಯಾವ ಹಂತದಲ್ಲೂ ನಾವು ಜಿಪುಣತನ ಮಾಡಿಲ್ಲ. ಆರು ಜರಡಿ ಸೇರಿದರೆ ಆಗುವುದೇ ಇಷ್ಟು.

ಹತ್ತಿರ ಹೋಗಿ ನೋಡಿದರೆ ಕಾಣುವ ಜರಡಿಗಳು

ಭಾಷೆ, ಫೋನ್, ದೇಶ ಇವೆಲ್ಲ ಕೂತಲ್ಲೇ ಹೊಳೆಯುವ ಜರಡಿಗಳು. ಕೆಲವು ಮಾತ್ರ ಜನರು ಕೆಲಸ ಮಾಡುವ ಜಾಗಕ್ಕೆ ಹೋದರೇನೇ ಕಾಣುತ್ತವೆ.

ಜೇನುಪೆಟ್ಟಿಗೆ ತೆರೆಯುವವರ ಪಕ್ಕ ಅರ್ಧ ಗಂಟೆ ನಿಂತುಕೊಳ್ಳಿ. ಎರಡೂ ಕೈಗೆ ದಪ್ಪ ಗ್ಲೌಸ್. ಮುಖದ ಮೇಲೆ ಬಲೆ. ಒಂದು ಕೈಯಲ್ಲಿ ಹೊಗೆ ಹಾಕುವ ಡಬ್ಬಿ, ಇನ್ನೊಂದರಲ್ಲಿ ಚೌಕಟ್ಟು ಮೀಟುವ ಸಲಾಕೆ. ಬೆರಳಿಗೆಲ್ಲ ಜೇನು, ಮೇಣ, ಅಂಟು. ಸುತ್ತ ಸಾವಿರಾರು ಹುಳ ಗುಂಯ್‌ಗುಡುತ್ತಿವೆ. ಈ ಹೊತ್ತಿನಲ್ಲಿ ಜೇಬಿನಿಂದ ಫೋನ್ ತೆಗೆದು ಟೈಪ್ ಮಾಡುವವರು ಯಾರು? ಆ ಗ್ಲೌಸ್ ಹಾಕಿದ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದೂ ಇಲ್ಲ. ಅಂದರೆ ಮಾತಾಡಿದ್ದನ್ನು ಕೇಳಿ ಬರೆದುಕೊಳ್ಳುವ ಸೌಲಭ್ಯ ಇಲ್ಲದೇ ಹೋದರೆ, ಫೋನ್‌ನಲ್ಲಿ ಬರೆಯುವವರು 30% ಅಂತ ಇಟ್ಟುಕೊಂಡದ್ದು 5%ಕ್ಕೂ ಇಳಿಯಬಹುದು.

ಇನ್ನೊಂದು ವಿಷಯವೂ ಅಲ್ಲೇ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಇಟ್ಟಿಗೆ ಇರುತ್ತದೆ. ಗಾಳಿಗೆ ಮುಚ್ಚಳ ಹಾರಬಾರದು ಅಂತ ಇಟ್ಟದ್ದು. ಆದರೆ ಕೆಲವರು ಅದನ್ನೇ ಗುರುತಾಗಿ ಬಳಸುತ್ತಾರೆ. ಮಲಗಿಸಿ ಇಟ್ಟರೆ ಎಲ್ಲ ಸರಿ, ನಿಲ್ಲಿಸಿ ಇಟ್ಟರೆ ಮತ್ತೊಮ್ಮೆ ನೋಡಬೇಕು ಅಂತ. ರಾಣಿಯ ವಯಸ್ಸು ತಿಳಿಯಲು ಅದರ ಬೆನ್ನಿಗೆ ಬಣ್ಣದ ಚುಕ್ಕೆ ಇಡುತ್ತಾರೆ. ವರ್ಷಕ್ಕೊಂದು ಬಣ್ಣ ಅಂತ ಎಲ್ಲ ಕಡೆ ಒಪ್ಪಿಕೊಂಡ ಕ್ರಮ ಇದೆ: 2024ರ ರಾಣಿಗೆ ಹಸಿರು, 2025ರದ್ದಕ್ಕೆ ನೀಲಿ.

ಅಂದರೆ ನಿಮ್ಮ ಆ್ಯಪ್‌ಗೆ ಪೈಪೋಟಿ ಕೊಡುತ್ತಿರುವುದು ಇನ್ನೊಂದು ಆ್ಯಪ್ ಅಲ್ಲ. ಒಂದು ಇಟ್ಟಿಗೆ, ಒಂದು ಬಣ್ಣದ ಚುಕ್ಕೆ. ಅವಕ್ಕೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ವರ್ಷಕ್ಕೆ 20 ಡಾಲರ್ ಬೇಡ. ನನ್ನ ಮಟ್ಟಿಗೆ ಮಾರುಕಟ್ಟೆ ಅಂದಾಜಿನಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ: ಈ ಕೆಲಸವನ್ನು ಜನ ಈಗ ಹೇಗೆ ಮಾಡಿಕೊಳ್ಳುತ್ತಿದ್ದಾರೆ? ಯಾವ ವರದಿಯಲ್ಲೂ ಇದಕ್ಕೆ ಉತ್ತರ ಇರುವುದಿಲ್ಲ.

ಅಂಗಡಿಯವರ ಪಾಲು

450 ಜನ, ತಲಾ 20 ಡಾಲರ್. ಒಟ್ಟು 9,000 ಡಾಲರ್ ಬಂತು. ಅಷ್ಟೂ ನಿಮಗೆ ಸೇರುವುದಿಲ್ಲ.

ಆ್ಯಪಲ್‌ನ ಆ್ಯಪ್ ಸ್ಟೋರ್ 2008ರ ಜುಲೈನಲ್ಲಿ 500 ಆ್ಯಪ್‌ಗಳೊಂದಿಗೆ ಶುರುವಾದಾಗ, ಮಾರಾಟದಲ್ಲಿ 70% ಡೆವಲಪರ್‌ಗೆ, 30% ಕಂಪನಿಗೆ ಅನ್ನುವ ಲೆಕ್ಕ ಇತ್ತು. ಗೂಗಲ್ ಕೂಡ ಅದೇ ದಾರಿ ಹಿಡಿಯಿತು. 2021ರಿಂದ ಚಿಕ್ಕ ಡೆವಲಪರ್‌ಗಳಿಗೆ ಎರಡೂ ಕಡೆ 15% ದರ ಬಂತು. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಗಳಿಕೆಯನ್ನು ಗಡಿಯಾಗಿ ಇಟ್ಟರು. ಕೆಲವು ದೇಶಗಳಲ್ಲಿ ಹೊಸ ಕಾನೂನು, ಕೋರ್ಟ್ ತೀರ್ಪುಗಳಿಂದ ಈ ನಿಯಮಗಳು ಇನ್ನೂ ಬದಲಾಗುತ್ತಿವೆ. ಹಾಗಾಗಿ ಲೆಕ್ಕ ಹಾಕುವ ದಿನ ಚಾಲ್ತಿಯಲ್ಲಿರುವ ದರ ನೋಡಿಕೊಳ್ಳುವುದು ಒಳ್ಳೆಯದು.

15% ಹೋದರೆ 7,650 ಡಾಲರ್ ಉಳಿಯುತ್ತದೆ. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಸದಸ್ಯತ್ವ, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಸರ್ವರ್ ಖರ್ಚು, ತೆರಿಗೆ ಬೇರೆ.

ದುಡ್ಡು ಕೇಳೋದು ಬೇಡ, ಜಾಹೀರಾತು ಹಾಕೋಣ ಅನ್ನುವವರೂ ಇದ್ದಾರೆ. ಜಾಹೀರಾತಿನ ದರವನ್ನು ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಸಾವಿರಕ್ಕೆ 2 ಡಾಲರ್ ಅಂದುಕೊಳ್ಳೋಣ. ನಮ್ಮ 9,000 ಜನ ತಲಾ ವರ್ಷಕ್ಕೆ 100 ಸಲ ಆ್ಯಪ್ ತೆರೆದು, ಪ್ರತಿ ಸಲ ಒಂದು ಜಾಹೀರಾತು ನೋಡಿದರೆ 9 ಲಕ್ಷ ಸಲ ಆಯಿತು. ಬರುವುದು 1,800 ಡಾಲರ್. ದಿನಕ್ಕೆ ಹತ್ತಾರು ಸಲ ತೆರೆಯುವ ಆಟಗಳಿಗೆ ಜಾಹೀರಾತು ಒಗ್ಗುತ್ತದೆ. ವಾರಕ್ಕೆ ಎರಡು ಸಲ ತೆರೆಯುವ ಆ್ಯಪ್‌ಗೆ ಅದು ಅಷ್ಟಾಗಿ ಕೈಹಿಡಿಯುವುದಿಲ್ಲ.

ಎಷ್ಟು ಜನ ಅನ್ನುವುದಕ್ಕಿಂತ ಯಾರು ಅನ್ನುವುದು

ಈಗ ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡೋಣ. ಸಾವಿರಾರು ಪೆಟ್ಟಿಗೆ ಇರುವ, ಕೆಲಸಗಾರರನ್ನು ಇಟ್ಟುಕೊಂಡ ದೊಡ್ಡ ಸಾಕಣೆದಾರರು ಇದ್ದಾರಲ್ಲ, ಅವರಿಗೆ ಯಾವ ಪೆಟ್ಟಿಗೆ ಯಾವ ತೋಟದಲ್ಲಿದೆ, ಯಾರು ಯಾವಾಗ ನೋಡಿದರು ಅನ್ನುವುದು ತಿಳಿಯದಿದ್ದರೆ ನಿಜವಾದ ನಷ್ಟ ಆಗುತ್ತದೆ. ಅವರು ವರ್ಷಕ್ಕೆ 500 ಡಾಲರ್ ಕೊಡಲು ಒಪ್ಪಿದರೆ, 9,000 ಡಾಲರ್‌ಗೆ ಎಷ್ಟು ಜನ ಬೇಕು? ಬರೀ 18.

450 ಹವ್ಯಾಸಿಗಳು ಅಥವಾ 18 ವೃತ್ತಿಪರರು. ಆದಾಯ ಒಂದೇ, ಆ್ಯಪ್ ಒಂದೇ ಅಲ್ಲ. ಮೊದಲನೆಯವರಿಗೆ ಸರಳ, ಚೆಂದದ ಆ್ಯಪ್ ಬೇಕು. ಎರಡನೆಯವರಿಗೆ ಹತ್ತು ಕೆಲಸಗಾರರು ಒಟ್ಟಿಗೆ ಬಳಸುವಂಥದ್ದು, ಸಿಗ್ನಲ್ ಇಲ್ಲದ ಕಡೆಯೂ ಓಡುವಂಥದ್ದು ಬೇಕು. 18 ಜನರನ್ನಾದರೆ ಒಬ್ಬೊಬ್ಬರನ್ನಾಗಿ ಫೋನ್ ಮಾಡಿಯೇ ಹುಡುಕಬಹುದು. ಮಾರುಕಟ್ಟೆ ಚಿಕ್ಕದು ಅಂತ ಕಂಡ ಕೂಡಲೇ ಕೈಬಿಡಬೇಕಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಇದೇ ಮಾತು ಫೋನ್‌ಗಳಿಗೂ ಹೊಂದುತ್ತದೆ. ಜಗತ್ತಿನ ಸ್ಮಾರ್ಟ್‌ಫೋನ್‌ಗಳಲ್ಲಿ ಹತ್ತಕ್ಕೆ ಸುಮಾರು ಏಳು ಆಂಡ್ರಾಯ್ಡ್, ಉಳಿದದ್ದು ಬಹುಪಾಲು ಐಫೋನ್. ಜನ ಆ್ಯಪ್‌ಗಳಿಗೆ ಖರ್ಚು ಮಾಡುವ ದುಡ್ಡು ಮಾತ್ರ ಆ್ಯಪಲ್‌ನ ಅಂಗಡಿಯಲ್ಲೇ ಜಾಸ್ತಿ. ಚೀನಾದಲ್ಲಿ ಆಂಡ್ರಾಯ್ಡ್ ಫೋನ್ ಕೋಟಿಗಟ್ಟಲೆ ಇದ್ದರೂ ಅಲ್ಲಿ ಗೂಗಲ್ ಪ್ಲೇ ಸಿಗುವುದಿಲ್ಲ. ಹಾಗಾಗಿ ಪ್ಲೇ ಸ್ಟೋರ್‌ಗೆ ಮಾತ್ರ ಆ್ಯಪ್ ಹಾಕುವವರು ಅವನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಮೊದಲ ಸಾಲಿನಲ್ಲೇ ತಪ್ಪು.

ಹಾಕಿಕೊಂಡವರೆಲ್ಲ ಉಳಿಯುವುದಿಲ್ಲ

ಪ್ಲೇ ಸ್ಟೋರ್‌ನಲ್ಲಿ ಒಂದು ಆ್ಯಪ್‌ನ ಪುಟದಲ್ಲಿ 1 ಲಕ್ಷ+ ಡೌನ್‌ಲೋಡ್ ಅಂತ ಕಾಣುತ್ತದೆ. ಅದು ಶುರುವಾದ ದಿನದಿಂದ ಆದ ಒಟ್ಟು ಲೆಕ್ಕ. ಹಾಕಿಕೊಂಡು ಐದೇ ನಿಮಿಷಕ್ಕೆ ತೆಗೆದವರೂ ಅದರಲ್ಲಿದ್ದಾರೆ. ಆ + ಗುರುತನ್ನೂ ಗಮನಿಸಬೇಕು. ಮುಂದಿನ ಮೆಟ್ಟಿಲು 5 ಲಕ್ಷ+. ಅಂದರೆ ನಿಜವಾದ ಅಂಕಿ 1 ಲಕ್ಷವೂ ಇರಬಹುದು, 4 ಲಕ್ಷ 90 ಸಾವಿರವೂ ಇರಬಹುದು. ಆ್ಯಪ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಅಂಕಿಯೇ ಕಾಣುವುದಿಲ್ಲ, ಎಷ್ಟು ಜನ ರೇಟಿಂಗ್ ಕೊಟ್ಟಿದ್ದಾರೆ ಅನ್ನುವುದಷ್ಟೇ ಇರುತ್ತದೆ.

ಡೆವಲಪರ್‌ಗಳು ನಿಜವಾಗಿ ನೋಡುವುದು ಉಳಿಕೆಯ ಲೆಕ್ಕ. ಇವತ್ತು ಹಾಕಿಕೊಂಡ ನೂರು ಜನರಲ್ಲಿ ಮರುದಿನ ಎಷ್ಟು ಜನ ಮತ್ತೆ ತೆರೆದರು? ಏಳನೇ ದಿನ? ಮೂವತ್ತನೇ ದಿನ? ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ದೊಡ್ಡ ಗುಂಪು ಕಳಚಿಕೊಳ್ಳುತ್ತದೆ. ಆಮೇಲೆ ಇಳಿತ ನಿಧಾನವಾಗುತ್ತದೆ.

ಜೇನಿನ ಆ್ಯಪ್‌ಗೆ ಇಲ್ಲಿ ಇನ್ನೊಂದು ತೊಡಕಿದೆ. ಚಳಿ ದೇಶಗಳಲ್ಲಿ ಚಳಿಗಾಲದಲ್ಲಿ ಹುಳಗಳು ಗುಂಪುಕಟ್ಟಿ ಒಳಗೇ ಇರುತ್ತವೆ, ಪೆಟ್ಟಿಗೆ ತೆರೆಯುವುದೇ ಇಲ್ಲ. ತಿಂಗಳುಗಟ್ಟಲೆ ಆ್ಯಪ್‌ಗೆ ಕೆಲಸ ಇಲ್ಲ. ತಿಂಗಳ ಚಂದಾ ಇಟ್ಟರೆ ಆ ಹೊತ್ತಿಗೆ ಜನ ರದ್ದು ಮಾಡುತ್ತಾರೆ, ವಸಂತದಲ್ಲಿ ಮತ್ತೆ ಬರುತ್ತಾರೋ ಇಲ್ಲವೋ. ವರ್ಷದ ಚಂದಾ ಇಟ್ಟರೂ 450ರಲ್ಲಿ 40% ಜನ ಮುಂದುವರಿಸಲಿಲ್ಲ ಅಂದರೆ, ಇದ್ದಲ್ಲೇ ಇರುವುದಕ್ಕೆ ವರ್ಷಕ್ಕೆ 180 ಹೊಸಬರು ಬೇಕು.

ಅಂದಾಜು ದಾರಿ ತಪ್ಪುವುದು ಎಲ್ಲಿ?

ಫರ್ಮಿ ಅಂದಾಜು ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಒಂದು ಕಾರಣ ಇದೆ. ಒಂದು ಹಂತದಲ್ಲಿ ನಾವು ಜಾಸ್ತಿ ಹೇಳಿರುತ್ತೇವೆ, ಇನ್ನೊಂದರಲ್ಲಿ ಕಡಿಮೆ. ಗುಣಿಸುವಾಗ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ.

ನಮ್ಮದೇ ಆ್ಯಪ್ ಅಂದಾಗ ಹೀಗಾಗುವುದಿಲ್ಲ. ಆಸೆ ಎಲ್ಲ ಅಂಕಿಗಳನ್ನೂ ಒಂದೇ ಕಡೆಗೆ ಎಳೆಯುತ್ತದೆ. ಆರು ಹಂತದಲ್ಲೂ ಒಂದೂವರೆ ಪಟ್ಟು ಹೆಚ್ಚಿಗೆ ಹೇಳಿದ್ದೀರಿ ಅಂದುಕೊಳ್ಳಿ. 20% ಇರಬೇಕಾದ ಕಡೆ 30% ಹಾಕುವುದು ದೊಡ್ಡ ತಪ್ಪಿನ ಹಾಗೆ ಕಾಣುವುದೂ ಇಲ್ಲ. ಆರು ಸಲ ಒಂದೂವರೆಯನ್ನು ಗುಣಿಸಿದರೆ 11 ಪಟ್ಟು ದಾಟುತ್ತದೆ. 450 ಅಂದುಕೊಂಡದ್ದು ನಿಜದಲ್ಲಿ 40.

ಅದಕ್ಕೇ ಒಂದೊಂದು ಹಂತಕ್ಕೂ ಎರಡು ಅಂಕಿ ಬರೆಯುವುದು ವಾಡಿಕೆ: ಇದಕ್ಕಿಂತ ಕಡಿಮೆ ಇರಲಾರದು ಅನ್ನುವುದೊಂದು, ಇದಕ್ಕಿಂತ ಜಾಸ್ತಿ ಇರಲಾರದು ಅನ್ನುವುದೊಂದು. ಕೊನೆಗೆ ಸಿಗುವುದು ಒಂದು ಅಂಕಿ ಅಲ್ಲ, ಒಂದು ವ್ಯಾಪ್ತಿ. ಯಾವ ಹಂತದಲ್ಲಿ ಈ ಎರಡರ ನಡುವೆ ಅಂತರ ಅತಿ ಹೆಚ್ಚು ಇದೆಯೋ, ನಿಮಗೆ ನಿಜವಾಗಿ ಗೊತ್ತಿಲ್ಲದ್ದು ಅದೇ.

ಕಡಿಮೆ ಅಂದಾಜು ಮಾಡಿ ಎಡವುವುದೂ ಉಂಟು. 2014ರ ಜೂನ್‌ನಲ್ಲಿ ಹೂಡಿಕೆದಾರರು ಊಬರ್ ಕಂಪನಿಗೆ 1,700 ಕೋಟಿ ಡಾಲರ್ ಬೆಲೆ ಕಟ್ಟಿದಾಗ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಶ್ವತ್ಥ್ ದಾಮೋದರನ್ ತಮ್ಮದೇ ಲೆಕ್ಕ ಹಾಕಿದರು. ಜಗತ್ತಿನ ಟ್ಯಾಕ್ಸಿ ಮಾರುಕಟ್ಟೆ 10,000 ಕೋಟಿ ಡಾಲರ್, ಅದರಲ್ಲಿ ಊಬರ್‌ಗೆ 10% ಸಿಗಬಹುದು ಅಂತ ಇಟ್ಟುಕೊಂಡು, ಕಂಪನಿಯ ಬೆಲೆ ಸುಮಾರು 590 ಕೋಟಿ ಡಾಲರ್ ಅಂದರು. ಊಬರ್‌ನಲ್ಲಿ ಹೂಡಿಕೆ ಮಾಡಿದ್ದ ಬಿಲ್ ಗರ್ಲಿ ಮರುತಿಂಗಳೇ ಉತ್ತರ ಕೊಟ್ಟರು. ಕರೆದ ಕೂಡಲೇ ಕಾರು ಬರುತ್ತದೆ ಅಂದರೆ, ಮೊದಲು ಟ್ಯಾಕ್ಸಿ ಹತ್ತದವರೂ ಹತ್ತುತ್ತಾರೆ, ಕೆಲವರು ಸ್ವಂತ ಕಾರನ್ನೇ ಬಿಡುತ್ತಾರೆ, ಹಾಗಾಗಿ ಮಾರುಕಟ್ಟೆ ಇನ್ನೂ ಎಷ್ಟೋ ಪಟ್ಟು ದೊಡ್ಡದು ಅನ್ನುವುದು ಅವರ ವಾದ. 2019ರ ಮೇ ತಿಂಗಳಲ್ಲಿ ಊಬರ್ ಷೇರುಪೇಟೆಗೆ ಬಂದಾಗ ಅದರ ಬೆಲೆ 8,000 ಕೋಟಿ ಡಾಲರ್ ದಾಟಿತ್ತು.

ದಾಮೋದರನ್ ಅವರ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಮೊದಲ ಸಾಲಿನ ಪದ ಚಿಕ್ಕದಾಗಿತ್ತು: ಟ್ಯಾಕ್ಸಿ. ಜೇನಿನ ಆ್ಯಪ್‌ನಲ್ಲೂ ಹಾಗೇ. ಲೆಕ್ಕ ಬರೆಯುವ ಅಭ್ಯಾಸ ಇರುವವರು 20% ಅಂತ ಇಟ್ಟುಕೊಂಡೆವು. ಮಾತಾಡಿದರೆ ಸಾಕು ತಾನೇ ಬರೆದುಕೊಳ್ಳುತ್ತದೆ ಅನ್ನುವ ಆ್ಯಪ್ ಬಂದರೆ, ಯಾವತ್ತೂ ಬರೆಯದಿದ್ದವರೂ ಶುರುಮಾಡಬಹುದು. ಆದರೆ ಎಲ್ಲ ಆ್ಯಪ್ ಊಬರ್ ಆಗುವುದಿಲ್ಲ. ಇಂಥ ಹಿಗ್ಗುವಿಕೆಯನ್ನು ಮೂಲ ಲೆಕ್ಕದಲ್ಲಿ ಬೆರೆಸದೆ, ಪಕ್ಕದಲ್ಲಿ ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಲೇಸು.

ಅಂಕಿಗಳನ್ನು ಎಲ್ಲಿ ಹುಡುಕುವುದು?

ಪ್ಲೇ ಸ್ಟೋರ್‌ನ ಡೌನ್‌ಲೋಡ್ ಮೆಟ್ಟಿಲು, ಅದೇ ಥರದ ಆ್ಯಪ್‌ಗಳ ರೇಟಿಂಗ್ ಸಂಖ್ಯೆ, ಜನ ಬರೆದ ವಿಮರ್ಶೆ ಇವು ಉಚಿತವಾಗಿಯೇ ಸಿಗುತ್ತವೆ. ಒಂದು ಸ್ಟಾರ್ ಕೊಟ್ಟವರ ಮಾತನ್ನು ಮೊದಲು ಓದಬೇಕು, ಕೊರತೆ ಇರುವುದು ಅಲ್ಲೇ. ಗೂಗಲ್ ಟ್ರೆಂಡ್ಸ್ ಕೂಡ ಉಪಯೋಗಕ್ಕೆ ಬರುತ್ತದೆ, ಆದರೆ ಅದರ 0ಯಿಂದ 100ರ ಅಂಕಿ ಹುಡುಕಿದವರ ಸಂಖ್ಯೆ ಅಲ್ಲ. ಆ ಅವಧಿಯ ಅತಿ ಹೆಚ್ಚು ಹುಡುಕಾಟವನ್ನು 100 ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ. ಎಷ್ಟು ಜನ ಹುಡುಕಿದರು ಅಂತ ಬೇಕಾದರೆ ಜಾಹೀರಾತುದಾರರಿಗಾಗಿ ಇರುವ ಕೀವರ್ಡ್ ಪ್ಲಾನರ್ ಒಂದು ವ್ಯಾಪ್ತಿ ಕೊಡುತ್ತದೆ.

ಉಳಿದದ್ದು ಜನರನ್ನು ಕೇಳಿಯೇ ತಿಳಿಯಬೇಕು. ಕೇಳುವ ರೀತಿ ಮಾತ್ರ ಮುಖ್ಯ. "ಇಂಥ ಆ್ಯಪ್ ಬಂದರೆ ಬಳಸ್ತೀರಾ?" ಅಂದರೆ ಎದುರಿಗಿದ್ದವರು ಮುಖ ನೋಡಿ "ಹೂಂ, ಬಳಸ್ತೀವಿ" ಅಂತಲೇ ಅನ್ನುತ್ತಾರೆ. ಬೇಜಾರು ಮಾಡುವುದು ಯಾಕೆ ಅಂತ. ಮುಂದೆ ಏನು ಮಾಡುತ್ತೀರಿ ಅನ್ನುವ ಬದಲು ಹಿಂದೆ ಏನು ಮಾಡಿದ್ದೀರಿ ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ.

ನಮ್ಮ ಲೆಕ್ಕದಲ್ಲಿ ಅತಿ ಅನುಮಾನದ ಅಂಕಿ ಲೆಕ್ಕ ಬರೆಯುವ ಆ 20%. ಅದನ್ನು ಪರೀಕ್ಷಿಸಲು ಆ್ಯಪ್ ಮಾಡುವ ಅಗತ್ಯವೇ ಇಲ್ಲ. ಜೇನು ಸಾಕುವ 20 ಜನರನ್ನು ಹುಡುಕಿ, "ಹೋದ ವರ್ಷದ ಲೆಕ್ಕ ಬರೆದಿದ್ದರೆ ಒಮ್ಮೆ ತೋರಿಸ್ತೀರಾ?" ಅಂತ ಕೇಳಿದರೆ ಆಯಿತು. ನಾಲ್ಕು ಜನ ಒಳಗೆ ಹೋಗಿ ಪುಸ್ತಕ ತಂದರೆ ನಿಮ್ಮ ಅಂಕಿ ನಿಜಕ್ಕೆ ಹತ್ತಿರ ಇದೆ. ಹನ್ನೆರಡು ಜನ ತಂದರೆ 450 ಇದ್ದದ್ದು 1,350 ಆಗುತ್ತದೆ. ಒಬ್ಬರೂ ತರಲಿಲ್ಲ, ಎಲ್ಲರೂ ಮುಚ್ಚಳದ ಮೇಲಿನ ಇಟ್ಟಿಗೆ ತೋರಿಸಿದರು ಅಂದರೆ, ಮಾಡಬೇಕಾದ ಆ್ಯಪ್ ಬೇರೆಯೇ ಇದೆ.